ಅದರೊಳಗೆ ಇರೋದು ಬರೀ ಗಾಳಿ ತಾನೇ?

ಮುರುಡೇಶ್ವರದಲ್ಲಿ, ಬೆನ್ನಿಗೆ ಸಿಲಿಂಡರ್ ಕಟ್ಟಿ ಜನರನ್ನು ಕಡಲಾಳಕ್ಕೆ ಇಳಿಸುವ ಪುಟ್ಟ ಸ್ಕೂಬಾ ಅಂಗಡಿ ನನ್ನದು. ಬಂದವರಲ್ಲಿ ಮುಕ್ಕಾಲು ಪಾಲು ಜನ ರೇಟು ಕೇಳಿ, ಗೋಡೆಗೆ ಒರಗಿಸಿಟ್ಟ ಸಿಲಿಂಡರಿನ ಕಡೆ ಒಮ್ಮೆ ನೋಡಿ, ಇದನ್ನೇ ಕೇಳುತ್ತಾರೆ: ‘ಅರ್ಧ ಗಂಟೆ ನೀರಿಗಿಳಿಸೋಕೆ ನಾಲ್ಕೂವರೆ ಸಾವಿರವಾ? ಅದರೊಳಗೆ ಇರೋದು ಬರೀ ಗಾಳಿ ತಾನೇ?’

ಹೌದು, ಬರೀ ಗಾಳಿ. ‘ಆಕ್ಸಿಜನ್ ಸಿಲಿಂಡರ್’ ಅನ್ನುವವರನ್ನೂ ನಾನೇ ತಿದ್ದುತ್ತೇನೆ. ಸುಮ್ಮನೆ ಹೂಂ ಅಂದಿದ್ದರೆ ಬೆಲೆಗೆ ಒಂದು ಗತ್ತಾದರೂ ಬರುತ್ತಿತ್ತು ಅಂತ ಹೆಂಡತಿ ಬೈಯುತ್ತಾಳೆ.

ಆದರೆ ಆ ಗಾಳಿಯನ್ನು ತುಂಬಬೇಕಲ್ಲ. 12 ಲೀಟರಿನ ಸಿಲಿಂಡರಿಗೆ 200 ಬಾರ್ ಒತ್ತಡದಲ್ಲಿ ಸುಮಾರು 2400 ಲೀಟರ್ ಗಾಳಿ ತುರುಕುತ್ತೇವೆ. ಕಾರಿನ ಟೈರಿನಲ್ಲಿರುವುದು ಎರಡು ಬಾರ್ ಚಿಲ್ಲರೆ. ನನ್ನ ಕಂಪ್ರೆಸರ್ ಸಣ್ಣದು, ನಿಮಿಷಕ್ಕೆ 100 ಲೀಟರ್. ಅಂದರೆ ಒಂದಕ್ಕೆ 24 ನಿಮಿಷ, ನಾಳೆಯ ಹದಿನಾರು ಸಿಲಿಂಡರಿಗೆ ಆರು ಗಂಟೆಗೂ ಮೇಲೆ. ನಡುವೆ ಕರೆಂಟು ಹೋದರೆ ರಾತ್ರಿ ಹನ್ನೆರಡಾದರೂ ಅದರ ಪಕ್ಕದಲ್ಲೇ ಕೂತಿರಬೇಕು.

ಮೂರು ವರ್ಷದ ಹಿಂದೆ, ಡಿಸೆಂಬರಿನ ಒಂದು ಶನಿವಾರ, ಬೆಳಗಿನ ಜಾವ ಸಿಲಿಂಡರುಗಳನ್ನು ಬೋಟಿಗೆ ಸಾಗಿಸುತ್ತಿದ್ದೆವು. ನನಗೊಂದು ಅಭ್ಯಾಸ: ವಾಲ್ವ್ ಚೂರು ತಿರುಗಿಸಿ, ಬರುವ ಗಾಳಿಯನ್ನು ಅಂಗೈಗೆ ಬಿಟ್ಟುಕೊಂಡು ಮೂಸುವುದು. ಅವತ್ತು ಅಂಗೈಯಿಂದ ತೆಳ್ಳಗೆ ಡೀಸೆಲ್ ವಾಸನೆ ಬಂತು. ಹಿಂದಿನ ಸಂಜೆ ನಾವು ಗಾಳಿ ತುಂಬುತ್ತಿದ್ದಾಗ ಹಿತ್ತಿಲ ಗೋಡೆಯಾಚೆ ಯಾರೋ ಲಾರಿ ತಂದು ಇಂಜಿನ್ ಆರಿಸದೆ ನಿಲ್ಲಿಸಿದ್ದರಂತೆ. ಕಂಪ್ರೆಸರಿಗೆ ಗಾಳಿ ಎಳೆಯುವ ಪೈಪಿನ ಬಾಯಿ ಅದೇ ಗೋಡೆಯ ಮೇಲಿತ್ತು. ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೇ ಇಲ್ಲ. ಡೀಸೆಲ್ ವಾಸನೆ ಜೊತೆಗಿದ್ದದ್ದು ನಮ್ಮ ಪುಣ್ಯ. ನೀರಿನಾಳದಲ್ಲಿ ಒತ್ತಡ ಹೆಚ್ಚಿದ ಹಾಗೆ ಅಂಥ ಗಾಳಿ ಇನ್ನೂ ವಿಷ. ಹದಿನಾರನ್ನೂ ಬಿಚ್ಚಿ ಖಾಲಿ ಮಾಡಿದೆವು. ಹತ್ತು ಕುಕ್ಕರ್ ಒಟ್ಟಿಗೆ ಕೂಗಿದ ಹಾಗೆ ಸದ್ದು. ಫಿಲ್ಟರ್ ಹೊಸದು ಹಾಕಿದೆ, ಎಂಟು ಜನರ ದುಡ್ಡು ವಾಪಸ್ ಕೊಟ್ಟೆ. ಈಗ ಪೈಪು ತಾರಸಿಯ ಮೇಲೆ, ತೆಂಗಿನ ಗರಿಯ ಎತ್ತರದಲ್ಲಿದೆ.

ಇದು ಸಿಲಿಂಡರಿನೊಳಗಿನ ಗಾಳಿಯ ಕತೆ. ಹೊರಗಿನ ಗಾಳಿಯ ಲೆಕ್ಕ ಬೇರೆ.

ನಾವು ಜನರನ್ನು ನೀರಿಗಿಳಿಸುವ ನೇತ್ರಾಣಿ ದ್ವೀಪ ದಂಡೆಯಿಂದ ಸುಮಾರು 19 ಕಿಲೋಮೀಟರ್ ದೂರ. ಬೋಟಿಗೆ ಹತ್ತು ಜನ ಹತ್ತಲಿ, ಮೂರೇ ಜನ ಹತ್ತಲಿ, ಡೀಸೆಲ್ ಅಷ್ಟೇ ಕುಡಿಯುತ್ತದೆ. ಬೆಳಿಗ್ಗೆ ಆರಕ್ಕೆ ಬೋಟು ನಡೆಸುವ ತಾಂಡೇಲ ಪಡುವಣಕ್ಕೆ ಮುಖ ಮಾಡಿ ನಿಂತು, ಬೀಡಿ ಮುಗಿಯುವವರೆಗೂ ಮಾತಾಡದೆ, ‘ಇವತ್ತು ಬ್ಯಾಡ’ ಅಂದರೆ ಮುಗಿಯಿತು. ದಂಡೆಯಲ್ಲಿ ನೀರು ತಟ್ಟೆಯ ಹಾಗಿರುತ್ತದೆ, ಬೆಂಗಳೂರಿನಿಂದ ರಾತ್ರಿ ರೈಲಿನಲ್ಲಿ ಬಂದವರು ಕಣ್ಣು ಕೆಂಪಗೆ ಮಾಡಿಕೊಂಡು ನಿಂತಿರುತ್ತಾರೆ. ‘ಸರ್, ಕಡಲು ಶಾಂತವಾಗೇ ಇದೆಯಲ್ಲ?’ ದ್ವೀಪದ ಬಳಿಯ ನೀರನ್ನು ಇಲ್ಲಿಂದ ತೋರಿಸುವುದು ಹೇಗೆ? ಅಂಥ ದಿನ ತಾಂಡೇಲನಿಗೂ ಹುಡುಗರಿಗೂ ಅರ್ಧ ಸಂಬಳವಾದರೂ ಕೊಡಬೇಕು. ನಿಮ್ಮ ನಾಲ್ಕೂವರೆ ಸಾವಿರದಲ್ಲಿ ಹೋಗದೆ ಉಳಿದ ದಿನಗಳ ಖರ್ಚೂ ಇದೆ. ಇದನ್ನು ಬಾಯಿಬಿಟ್ಟು ಹೇಳಿದರೆ ಗಿರಾಕಿಗೆ ಮೋಸದ ಹಾಗೆ ಕೇಳಿಸುತ್ತದೆ, ಹಾಗಾಗಿ ಅಂಗಡಿಯಲ್ಲಿ ಹೇಳುವುದಿಲ್ಲ.

ಕೆಲವರನ್ನು ನಾನೇ ಬೇಡ ಅನ್ನುತ್ತೇನೆ. ಕಟ್ಟಿದ ಮೂಗಿನಲ್ಲಿ ಕಿವಿಯ ಒತ್ತಡ ಬಿಡಿಸಲಾಗದು, ಹತ್ತು ಮೀಟರಿಗೆ ಒತ್ತಡ ದುಪ್ಪಟ್ಟಾಗುತ್ತದೆ, ಕಿವಿಯ ತಮಟೆ ಹರಿದರೆ ಯಾರು ಹೊಣೆ? ‘ಬರೀ ನೆಗಡಿ ಸರ್, ಫಾರ್ಮಿನಲ್ಲಿ ಬರೆಯಲ್ಲ ಬಿಡಿ’ ಎಂದ ಹುಡುಗನನ್ನು ದಂಡೆಯಲ್ಲೇ ಕೂರಿಸಿದ್ದೆ. ಅವನು ಕೊಟ್ಟ ಒಂದು ಸ್ಟಾರ್ ಇವತ್ತಿಗೂ ನನ್ನ ಹೆಸರಿನ ಕೆಳಗಿದೆ. ಮೊದಲ ಸಲ ಇಳಿಯುವವರಿಗೆ ನಮ್ಮಲ್ಲಿ ಒಬ್ಬರಿಗೊಬ್ಬ ಇನ್ಸ್‌ಟ್ರಕ್ಟರ್. ಇಬ್ಬರಿಗೊಬ್ಬನಾದರೆ ರೇಟಿನಲ್ಲಿ ಸಾವಿರ ಇಳಿಸಬಹುದು ಅಂತ ಏಜೆಂಟರು ಹೇಳಿಕೊಡುತ್ತಾರೆ. ಇಳಿಸಿದವರೂ ಇದ್ದಾರೆ. ಇನ್ನು, ಕಲಿಸಿ ತಯಾರು ಮಾಡಿದ ಹುಡುಗರು ಎರಡನೇ ಸೀಸನ್ನಿಗೆ ಅಂಡಮಾನಿಗೆ ಹಾರುತ್ತಾರೆ. ಅವರನ್ನು ತಪ್ಪು ಅನ್ನಲಾರೆ. ಅವರ ವಯಸ್ಸಿನಲ್ಲಿ ನಾನೂ ಹೋಗಿದ್ದೆ.

2024ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಇದೇ ದಂಡೆಯಲ್ಲಿ ಮುಳುಗಿಹೋದರು. ಕಡಲತೀರ ಮುಚ್ಚಿದರು. ವರ್ಷದ ದುಡಿಮೆಯ ದಿನಗಳೆಂದರೆ ಅವೇ, ಕ್ರಿಸ್‌ಮಸ್ಸಿನ ಆಚೀಚೆ. ಫೋನ್ ಮಾಡಿ ಬುಕಿಂಗ್ ರದ್ದು ಮಾಡಿದವರಿಗೆಲ್ಲ ಹೂಂ ಅಂದೆ. ಆ ವಾರ ರೇಟಿನ ಬಗ್ಗೆ ಯಾರ ಹತ್ತಿರವೂ ಮಾತಾಡಲು ಮನಸ್ಸು ಬರಲಿಲ್ಲ.

ಜೂನ್ ಬಂದರೆ ಎಲ್ಲ ಬಂದ್. ಬೋಟು ಮೇಲೆ, ತಾಡಪಾಲು ಅದರ ಮೇಲೆ. ಬಾಡಿಗೆ ಮಾತ್ರ ಮಳೆಗಾಲ ನೋಡುವುದಿಲ್ಲ. ಸಿಲಿಂಡರಿನ ಗಾಳಿ ಬಾಯಿಗೆ ಕೊಡುವ ರೆಗ್ಯುಲೇಟರುಗಳನ್ನು ಬಿಚ್ಚಿ ಸರ್ವಿಸಿಗೆ ಕಳಿಸುವುದು, ಉಂಗುರದಷ್ಟು ಚಿಕ್ಕ, ಗಾಳಿ ಸೋರದಂತೆ ತಡೆಯುವ ಓ-ರಿಂಗುಗಳನ್ನು ಬದಲಿಸುವುದು, ನೀರಿಗಿಳಿಯುವಾಗ ತೊಡುವ ನಲವತ್ತು ವೆಟ್‌ಸೂಟ್‌ಗಳನ್ನು ತೊಳೆಯುವುದು. ಅದರೊಳಗೆ ಜನ ಏನು ಮಾಡುತ್ತಾರೆಂದು ತೊಳೆಯುವವನಿಗೆ ಗೊತ್ತು, ಬಿಡಿ.

ಹೋದ ಜುಲೈನಲ್ಲಿ, ಹೊರಗೆ ಮಳೆ ಹೊಡೆಯುತ್ತಿದ್ದಾಗ, ಕೈಯೆಲ್ಲ ಸೋಪಿನ ನೊರೆಯಲ್ಲೇ ಫೋನ್ ಎತ್ತಿದೆ. ‘ಸರ್, ಈಗ ಆಫ್ ಸೀಸನ್ ಅಲ್ವಾ? ಡಿಸ್ಕೌಂಟ್ ಎಷ್ಟು?’