ಲೆನ್ಸ್‌ನಿಂದ ಹಾಳಾದ ಕಣ್ಣು ಸರಿಹೋಗುತ್ತಾ?

ನಾನು ಮತ್ತೆ ಕನ್ನಡಕಕ್ಕೆ ಬಂದಾಗಿನಿಂದ ಒಂದು ಪ್ರಶ್ನೆ ತಪ್ಪಿದ್ದಲ್ಲ. "ಲೆನ್ಸ್ ಹಾಕಿ ಹಾಕಿ ಹಾಳಾದ ಕಣ್ಣು ಸರಿಹೋಗುತ್ತಾ? ಯಾವ ಡ್ರಾಪ್ಸ್ ಹಾಕ್ಕೊಂಡ್ರಿ?" ಹದಿನಾಲ್ಕು ವರ್ಷ ಬೆಳಗ್ಗೆಯಿಂದ ರಾತ್ರಿವರೆಗೆ ಲೆನ್ಸ್ ಹಾಕಿಕೊಂಡವಳು ನಾನು. ಬೇಗ ಗೊತ್ತಾದರೆ ಹೆಚ್ಚಿನವರಿಗೆ ಸರಿಹೋಗುತ್ತದೆ. ಆದರೆ ಮೊದಲ ಔಷಧಿ ಡ್ರಾಪ್ಸ್ ಅಲ್ಲ, ಲೆನ್ಸ್ ತೆಗೆದಿಡುವುದು.

ಕರಿಗುಡ್ಡೆಯ ಮುಂದೆ ಗಾಜಿನಂತಿರುವ ಪದರವೇ ಕಾರ್ನಿಯಾ. ಅದರಲ್ಲಿ ರಕ್ತನಾಳ ಇಲ್ಲ. ಬೇಕಾದ ಆಮ್ಲಜನಕದಲ್ಲಿ ಬಹುಪಾಲು ಗಾಳಿಯಿಂದ, ಕಣ್ಣೀರಿನ ಮೂಲಕ ಬರಬೇಕು. ಲೆನ್ಸ್ ಅದಕ್ಕೆ ಅಡ್ಡ ಕೂರುತ್ತದೆ. ವರ್ಷಗಟ್ಟಲೆ ಹೀಗೇ ಆದರೆ ಅಂಚಿನಿಂದ ರಕ್ತನಾಳಗಳು ಒಳಗೆ ನುಗ್ಗಬಹುದು. ಆ ಅಂಚಿನಲ್ಲೇ ಇವೆ ಸ್ಟೆಮ್ ಸೆಲ್‌ಗಳು. ಕಾರ್ನಿಯಾದ ಮೇಲ್ಪದರವನ್ನು ವಾರ, ಹತ್ತು ದಿನಕ್ಕೊಮ್ಮೆ ಹೊಸದು ಮಾಡುವವು ಇವೇ. ಇವು ಸೊರಗಿದರೆ ಪದರ ಮಾಸಲಾಗುತ್ತದೆ, ನೋಟವೂ ಮಸುಕಾಗುತ್ತದೆ.

ಡಾಕ್ಟರ್ ನನ್ನ ಕಣ್ಣಿಗೆ ಹಳದಿ ಬಣ್ಣ ಮುಟ್ಟಿಸಿ, ನೀಲಿ ಬೆಳಕು ಬಿಟ್ಟು, ಫೋಟೋ ತೋರಿಸಿದರು. ಮೇಲಿನ ರೆಪ್ಪೆಯಡಿಯಲ್ಲಿ ರಾಗಿ ಚೆಲ್ಲಿದ ಹಾಗೆ ಹಸಿರು ಚುಕ್ಕಿಗಳು. ಒಂದೊಂದೂ ಸವೆದ ಜಾಗ. "ಆದ್ರೆ ಉರೀತಾನೇ ಇರ್ಲಿಲ್ವಲ್ಲಾ ಡಾಕ್ಟ್ರೇ" ಅಂದೆ. ಲೆನ್ಸ್ ಜಾಸ್ತಿ ವರ್ಷ ಹಾಕಿದರೆ ಕಾರ್ನಿಯಾದ ಸ್ಪರ್ಶವೇ ಮೊಂಡಾಗುತ್ತದಂತೆ. ನೋವಿಲ್ಲ ಅಂತ ನೆಮ್ಮದಿಯಾಗಿದ್ದೆ ನೋಡಿ!

ನನಗೆ ಕೊಟ್ಟಿದ್ದು ಪ್ರಿಸರ್ವೇಟಿವ್ (ಕೆಡದಂತೆ ಬೆರೆಸುವ ರಾಸಾಯನಿಕ) ಇಲ್ಲದ ಕೃತಕ ಕಣ್ಣೀರಿನ ಡ್ರಾಪ್ಸ್, ದಿನಕ್ಕೆ ಆರು ಸಲ. ಬಾಟಲಿಯಲ್ಲಿ ಹಾಕುವ ಬೆಂಜಾಲ್ಕೋನಿಯಂ ಕ್ಲೋರೈಡ್ ಎಂಬ ಪ್ರಿಸರ್ವೇಟಿವ್ ಪದೇ ಪದೇ ಬಿದ್ದರೆ ಅದೇ ಮೇಲ್ಪದರಕ್ಕೆ ಕಾಟ. ಊತ ಇದ್ದವರಿಗೆ ಸ್ವಲ್ಪ ದಿನ ಸ್ಟೀರಾಯ್ಡ್, ಇಲ್ಲವೇ ಸೈಕ್ಲೋಸ್ಪೊರಿನ್ ಕೊಡುತ್ತಾರೆ. ಅದಕ್ಕೂ ಬಗ್ಗದಿದ್ದರೆ ನಮ್ಮದೇ ರಕ್ತದ ಸೀರಂನಿಂದ, ಅಂದರೆ ಅದರ ತಿಳಿಭಾಗದಿಂದ, ಮಾಡಿದ ಡ್ರಾಪ್ಸ್. ಸ್ಟೆಮ್ ಸೆಲ್ ಕಸಿ ಕಣ್ಣು ತುಂಬಾ ಕೆಟ್ಟವರಿಗೆ ಮಾತ್ರ. ಒಂದು ಕಣ್ಣು ಚೆನ್ನಾಗಿದ್ದರೆ ಅದರ ಅಂಚಿನಿಂದ ಚೂರು ತೆಗೆಯಬಹುದು, ಆದರೆ ಲೆನ್ಸ್ ಹಾಕುವುದು ಎರಡೂ ಕಣ್ಣಿಗೆ ಅಲ್ವಾ?

ಮನೆಯಲ್ಲಿ ಉಳಿದಿದ್ದ ಸ್ಟೀರಾಯ್ಡ್ ಮಾತ್ರ ಸುಮ್ನೆ ಹಾಕ್ಕೋಬೇಡಿ. ಸೋಂಕಿದ್ದರೆ ಉಲ್ಬಣಿಸುತ್ತದೆ, ಕಣ್ಣಿನ ಒತ್ತಡವೂ ಏರಬಹುದು. ಕೆಂಪು ಹೋಗಿಸುವ ಡ್ರಾಪ್ಸ್ ಬಣ್ಣ ಮರೆಸುತ್ತದೆ ಅಷ್ಟೇ. ನೋವು, ಬೆಳಕು ನೋಡಲಾಗದಿರುವುದು, ದೃಷ್ಟಿ ಮಂಜಾಗುವುದು, ಇವು ಬಂದರೆ ಲೆನ್ಸ್ ತೆಗೆದು ಅವತ್ತೇ ಕಣ್ಣಿನ ಡಾಕ್ಟರ ಬಳಿ ಹೋಗಿ. ಅದು ಹುಣ್ಣಿರಬಹುದು.

ಮೂರನೇ ವಾರಕ್ಕೇ ನನಗೆ ಕಣ್ಣು ಹಗುರ ಅನ್ನಿಸಿ ಲೆನ್ಸ್ ಡಬ್ಬಿ ಕೈಗೆತ್ತಿಕೊಂಡಿದ್ದೆ. ಮರುದಿನವೇ ತಪಾಸಣೆ ಇತ್ತು, ಹಾಗಾಗಿ ವಾಪಸ್ ಇಟ್ಟೆ. ಬಲಗಣ್ಣು ತಿಳಿಯಾಗಿತ್ತು. ಎಡಗಣ್ಣಲ್ಲಿ ಚುಕ್ಕಿಗಳು ಇನ್ನೂ ಇದ್ದವು. ಮುಂದಿನ ತಪಾಸಣೆ ಆರು ವಾರಕ್ಕೆ.