ಒಂಟಿಮನೆಯ ವಿಳಾಸ, ವಿದೇಶಿ ಸೊಸೆಯ ವೀಸಾ: ಕಡತ ಎಲ್ಲಿಗೆ ಬಂತು

ಗಂಡ ತೀರ್ಥಹಳ್ಳಿ ತಾಲ್ಲೂಕಿನ ಅಡಿಕೆ ಬೆಳೆಗಾರ, ಭಾರತದ ಪ್ರಜೆ. ಹೆಂಡತಿ ವಿದೇಶಿ ಪ್ರಜೆ, ಬಂದದ್ದು ಪ್ರವಾಸಿ ವೀಸಾದಲ್ಲಿ. ಗುರಿ: ಮೊದಲು ಎಕ್ಸ್ ವೀಸಾ (ಭಾರತೀಯರ ವಿದೇಶಿ ಗಂಡ ಅಥವಾ ಹೆಂಡತಿಗೆ ಸಿಗುವ ಪ್ರವೇಶ ವೀಸಾ), ಆಮೇಲೆ ಒಸಿಐ ಕಾರ್ಡ್ (ಭಾರತದ ಸಾಗರೋತ್ತರ ನಾಗರಿಕರೆಂಬ ಗುರುತಿನ ಕಾರ್ಡ್).

ಮದುವೆ ನೋಂದಣಿ: ಮುಗಿದಿದೆ

ದೇವಸ್ಥಾನದಲ್ಲಿ ತಾಳಿ ಕಟ್ಟಿದ ಮಾತ್ರಕ್ಕೆ ಕೆಲಸ ಆಗುವುದಿಲ್ಲ. ಇಬ್ಬರಲ್ಲಿ ಒಬ್ಬರು ಹಿಂದೂ ಅಲ್ಲದಿದ್ದರೆ 1955ರ ಹಿಂದೂ ವಿವಾಹ ಕಾಯ್ದೆಯಡಿ ನೋಂದಣಿ ಸಾಧ್ಯವಿಲ್ಲ. ದಾರಿ 1954ರ ವಿಶೇಷ ವಿವಾಹ ಕಾಯ್ದೆ. ಗಂಡು ಹೆಣ್ಣಿನಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ ಕನಿಷ್ಠ 30 ದಿನ ವಾಸವಿದ್ದು ನೋಟಿಸ್ ಕೊಡಬೇಕು. ಆಕ್ಷೇಪಣೆಗೆ 30 ದಿನ. ಅದಾದ ಮೇಲೆ ಮೂವರು ಸಾಕ್ಷಿಗಳೊಂದಿಗೆ ಉಪನೋಂದಣಾಧಿಕಾರಿಯ ಮುಂದೆ ಮದುವೆ. ನೋಟಿಸ್ ಕೊಟ್ಟು 3 ತಿಂಗಳೊಳಗೆ ಮದುವೆ ನಡೆಯದಿದ್ದರೆ ನೋಟಿಸ್ ಬಿದ್ದುಹೋಗುತ್ತದೆ, ಮತ್ತೆ ಮೊದಲಿನಿಂದ. ಅಡಿಕೆ ಕೊಯ್ಲು ಹತ್ತಿರವಿದ್ದರೆ ಈ ಲೆಕ್ಕ ಮೊದಲೇ ಹಾಕಿಕೊಳ್ಳಿ.

ಹೆಂಡತಿಯ ಕಡೆಯಿಂದ ಅವಿವಾಹಿತೆ ಎಂಬ ಪ್ರಮಾಣಪತ್ರ ಬೇಕು. ಅವರ ದೇಶದಲ್ಲೇ ಕೊಟ್ಟ ಕಾಗದವಾದರೆ ಅಲ್ಲಿಯೇ ಅಪೋಸ್ಟಿಲ್ ಮುದ್ರೆ (ಕಾಗದ ಅಸಲಿ ಎಂದು ಬೇರೆ ದೇಶದವರೂ ಒಪ್ಪುವ ಸರ್ಕಾರಿ ದೃಢೀಕರಣ) ಹಾಕಿಸಿ ತರಬೇಕು, ಇಂಗ್ಲಿಷ್‌ನಲ್ಲಿ ಇಲ್ಲದಿದ್ದರೆ ಅನುವಾದವೂ ಜೊತೆಗಿರಬೇಕು. ಇಲ್ಲಿಗೆ ಬಂದ ಮೇಲೆ ಅಪೋಸ್ಟಿಲ್ ಮಾಡಿಸಲು ಹೊರಟರೆ ಕಾಗದ ಮತ್ತೆ ಸಮುದ್ರ ದಾಟಬೇಕು.

ಕಡತದ ಮುಕ್ಕಾಲು ತಾಪತ್ರಯ ಹೆಸರಿನಿಂದಲೇ. ಪಾಸ್‌ಪೋರ್ಟಿನಲ್ಲಿ ಎರಡು ಮೂರು ಹೆಸರುಗಳಿದ್ದು, ಮದುವೆ ಪ್ರಮಾಣಪತ್ರದಲ್ಲಿ ಕರೆಯುವ ಹೆಸರು ಮಾತ್ರ ಬಂದರೆ ಮುಂದೆ ಪ್ರತಿ ಮೆಟ್ಟಿಲಲ್ಲೂ ಪ್ರಶ್ನೆ. ಗಂಡನ ಕಡೆಯೂ ಅಷ್ಟೇ: ಆಧಾರ್‌ನಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಊರು ಮತ್ತು ತಂದೆಯ ಹೆಸರು ಬಿಡಿಸಿ ಬರೆದದ್ದು. ಪಾಸ್‌ಪೋರ್ಟಿನ ಕೆಳಗಿನ ಎರಡು ಯಂತ್ರಸಾಲುಗಳಲ್ಲಿ ಇರುವಂತೆಯೇ ಅಕ್ಷರಕ್ಕಕ್ಷರ ತುಂಬಿಸಿ. ಪ್ರಮಾಣಪತ್ರಕ್ಕೆ ಸಹಿ ಬೀಳುವ ಮೊದಲು ಕರಡನ್ನು ನೀವೇ ಓದಿ. ಸಹಿಯಾದ ಮೇಲೆ ತಿದ್ದಿಸುವುದು ಬೇರೆಯೇ ಒಂದು ಕಡತ.

ವಿಳಾಸದ ದಾಖಲೆ: ಹೆಚ್ಚು ಸಮಯ ತಿಂದದ್ದು ಇದೇ

ಬೆಂಗಳೂರಿನವರಿಗೆ ಬಾಡಿಗೆ ಕರಾರು, ಕರೆಂಟ್ ಬಿಲ್ ಸಾಕು. ಮಲೆನಾಡಿನ ಒಂಟಿಮನೆಗೆ ಬೀದಿ ಹೆಸರಿಲ್ಲ, ಎಷ್ಟೋ ಕಡೆ ಬಾಗಿಲ ಸಂಖ್ಯೆಯೂ ಇಲ್ಲ. ಮೆಸ್ಕಾಂ ಬಿಲ್ ಇನ್ನೂ ಅಜ್ಜನ ಹೆಸರಿನಲ್ಲಿ, ಪಹಣಿ ಅಜ್ಜನ ಮಕ್ಕಳೆಲ್ಲರ ಜಂಟಿ ಹೆಸರಿನಲ್ಲಿ. ಬಿಲ್ಲಿನಲ್ಲಿರುವ ವ್ಯಕ್ತಿಗೂ ಗಂಡನಿಗೂ ಏನು ಸಂಬಂಧ ಎಂದು ಬೆಂಗಳೂರಿನಲ್ಲಿ ಕೂತು ಕಡತ ನೋಡುವವರಿಗೆ ಗೊತ್ತಾಗುವುದಾದರೂ ಹೇಗೆ?

ಇದಕ್ಕೆ ಜೋಡಿಸಿದ ಕಟ್ಟು ಹೀಗಿದೆ. ಗ್ರಾಮ ಪಂಚಾಯಿತಿಯಿಂದ ಇ-ಸ್ವತ್ತು ನಮೂನೆ (ಪಂಚಾಯಿತಿಯ ಆನ್‌ಲೈನ್ ಆಸ್ತಿ ದಾಖಲೆ), ಅದರಲ್ಲಿ ಮನೆಯ ಆಸ್ತಿ ಸಂಖ್ಯೆ. ಆರ್.ಆರ್. ಸಂಖ್ಯೆ (ಕರೆಂಟ್ ಸಂಪರ್ಕದ ಸಂಖ್ಯೆ) ಸ್ಪಷ್ಟವಾಗಿ ಕಾಣುವ ಇತ್ತೀಚಿನ ಮೆಸ್ಕಾಂ ಬಿಲ್. ನಾಡಕಚೇರಿಯಿಂದ ವಂಶವೃಕ್ಷ: ಅಜ್ಜನಿಂದ ಗಂಡನವರೆಗೆ ಕೊಂಡಿ ಹಾಕುವುದು ಇದೇ ಕಾಗದ. ಕನ್ನಡದಲ್ಲಿರುವ ಇವೆಲ್ಲಕ್ಕೂ ನೋಟರಿ ದೃಢೀಕರಿಸಿದ ಇಂಗ್ಲಿಷ್ ಅನುವಾದ. ಬಿಲ್ ಯಾರ ಹೆಸರಿನಲ್ಲಿದೆಯೋ ಅವರು ಬದುಕಿದ್ದರೆ, ಸೊಸೆ ತಮ್ಮ ಮನೆಯಲ್ಲೇ ಇದ್ದಾಳೆ ಎಂಬ ಪತ್ರ ಮತ್ತು ಅವರ ಗುರುತಿನ ಚೀಟಿ. ಎಲ್ಲ ಕಾಗದದಲ್ಲೂ ಗ್ರಾಮ, ಅಂಚೆ, ಹೋಬಳಿ, ತಾಲ್ಲೂಕು, ಪಿನ್‌ಕೋಡ್ ಒಂದೇ ಕ್ರಮದಲ್ಲಿ, ಒಂದೇ ಸ್ಪೆಲಿಂಗ್‌ನಲ್ಲಿ ಬರಬೇಕು. ಒಂದರಲ್ಲಿ ಶಿವಮೊಗ್ಗ, ಇನ್ನೊಂದರಲ್ಲಿ ಹಳೆಯ ಶಿಮೊಗ ಇದ್ದರೂ ಪ್ರಶ್ನೆ ಬರಬಹುದು. ಅನುವಾದಕರಿಗೆ ವಿಳಾಸವನ್ನು ಮೊದಲೇ ಬರೆದುಕೊಡುವುದು ಒಳ್ಳೆಯದು.

ಸಿ-ಫಾರಂ, ಅಂದರೆ ವಿದೇಶಿಯರು ಮನೆಯಲ್ಲಿ ತಂಗಿರುವುದನ್ನು ಸರ್ಕಾರಕ್ಕೆ ತಿಳಿಸುವ ನಮೂನೆ (2025ರ ನಿಯಮಗಳಲ್ಲಿ ಇದು ನಮೂನೆ III), ಮರೆಯುವಂತಿಲ್ಲ. ವಿದೇಶಿಯರು ಮನೆಗೆ ಬಂದ 24 ಗಂಟೆಯೊಳಗೆ ಮನೆಯವರು ಅದನ್ನು ಆನ್‌ಲೈನ್‌ನಲ್ಲಿ ತುಂಬಬೇಕು. ಇದು ಹೋಟೆಲು, ಹೋಂಸ್ಟೇಗೆ ಮಾತ್ರ ಎಂದುಕೊಂಡವರೇ ಜಾಸ್ತಿ. ಸೊಸೆಗೂ ಅನ್ವಯಿಸುತ್ತದೆ. ತುಂಬುವ ಮೊದಲು ಮನೆಯ ಹೆಸರಿನಲ್ಲಿ ಖಾತೆ ತೆರೆದು ಅನುಮೋದನೆ ಪಡೆಯಬೇಕಾದ್ದರಿಂದ, ಆಕೆ ವಿಮಾನ ಹತ್ತುವ ಮೊದಲೇ ಈ ಕೆಲಸ ಮುಗಿಸಿಡಿ. ತೋಟದ ಮನೆಯಲ್ಲಿ ಸಿಗ್ನಲ್ ಸಿಗದೆ ಒಟಿಪಿ ಅವಧಿ ಮುಗಿದುಹೋಗುತ್ತದೆ, ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಪೇಟೆಯಲ್ಲಿ ಕೂತು ಮಾಡುವುದೇ ವಾಸಿ.

ಎಕ್ಸ್ ವೀಸಾಕ್ಕೆ ಬದಲಾವಣೆ: ಅರ್ಜಿ ಹೋಗಿದೆ, ಪೊಲೀಸ್ ವರದಿ ಬಾಕಿ

ಅರ್ಜಿ ಇ-ಎಫ್‌ಆರ್‌ಆರ್‌ಒ ತಾಣದಲ್ಲೇ (ಎಫ್‌ಆರ್‌ಆರ್‌ಒ ಅಂದರೆ ವಿದೇಶಿಯರ ಪ್ರಾದೇಶಿಕ ನೋಂದಣಿ ಕಚೇರಿ), ಪ್ರವಾಸಿ ವೀಸಾದ ಅವಧಿ ಮುಗಿಯುವ ಮೊದಲೇ. ಶಿವಮೊಗ್ಗ ಜಿಲ್ಲೆ ಬೆಂಗಳೂರು ಎಫ್‌ಆರ್‌ಆರ್‌ಒ ವ್ಯಾಪ್ತಿಗೆ ಸೇರುತ್ತದೆ. ಕರೆದರೆ ಮಾತ್ರ ಅಲ್ಲಿಗೆ ಹೋಗಬೇಕು. ಪಾಸ್‌ಪೋರ್ಟ್, ಈಗಿನ ವೀಸಾ, ಫೋಟೊ, ಮದುವೆ ಪ್ರಮಾಣಪತ್ರ, ಗಂಡನ ಗುರುತಿನ ದಾಖಲೆ, ಗಂಡನ ಮುಚ್ಚಳಿಕೆ, ಮೇಲೆ ಹೇಳಿದ ವಿಳಾಸದ ಕಟ್ಟು ಎಲ್ಲ ಏರಿಸಿಯಾಗಿದೆ.

ಈಗ ಎಲ್ಲ ನಿಂತಿರುವುದು ಪೊಲೀಸ್ ವರದಿಯ ಮೇಲೆ. ಮದುವೆ ನಿಜವೇ, ಇಬ್ಬರೂ ಒಟ್ಟಿಗೆ ಬಾಳುತ್ತಿದ್ದಾರೆಯೇ, ಹಿನ್ನೆಲೆ ಏನು ಎಂಬ ಮೂರು ವಿಷಯ ವರದಿಯಲ್ಲಿ ಬರಬೇಕು. ಠಾಣೆಯಿಂದ ಬಂದವರು ಮನೆ ಹುಡುಕಿಕೊಂಡು ತೋಟ, ಗದ್ದೆ ಸುತ್ತಿ ಸಿಗದೆ ವಾಪಸು ಹೋದರೆ ವರದಿ ತಡವಾಗುತ್ತದೆ. ಹಾಗಾಗಿ ಠಾಣೆಗೆ ಮೊದಲೇ ಹೋಗಿ ದಾರಿ, ಫೋನ್ ನಂಬರ್, ಪಕ್ಕದ ಮನೆಯವರ ಹೆಸರು ಬರೆದುಕೊಟ್ಟು ಬರಬೇಕು. ಅವರು ಬರುವ ದಿನ ಗಂಡ ಹೆಂಡತಿ ಇಬ್ಬರೂ ಮನೆಯಲ್ಲಿರಬೇಕು. ನೆಂಟರ ಮನೆಗೆ ಹೋಗುವುದನ್ನು ಮುಂದೂಡಿ.

ತಾಣದಲ್ಲಿ ಪ್ರಶ್ನೆ ಬಂದಿದೆಯೇ ಎಂದು ದಿನವೂ ನೋಡುತ್ತಿರಬೇಕು. ಉತ್ತರ ಕೊಡದೆ ಬಿಟ್ಟ ಅರ್ಜಿ ಹಾಗೇ ಮುಚ್ಚಿಹೋಗಬಹುದು. ಈ ವೀಸಾ ಸಿಕ್ಕರೂ ಸಂಬಳದ ಕೆಲಸಕ್ಕೆ ಸೇರುವಂತಿಲ್ಲ, ಇದನ್ನು ಹೆಂಡತಿಗೆ ಮೊದಲೇ ತಿಳಿಸಿರಬೇಕು.

ಒಸಿಐ: ಕಾಯಬೇಕು

ಮದುವೆ ನೋಂದಣಿಯಾಗಿ ಕನಿಷ್ಠ 2 ವರ್ಷ ನಿರಂತರವಾಗಿ ಊರ್ಜಿತದಲ್ಲಿದ್ದ ಮೇಲೆಯೇ ಅರ್ಜಿ. ಲೆಕ್ಕ ಹಿಡಿಯುವುದು ನೋಂದಣಿಯ ದಿನದಿಂದ, ಅಕ್ಷತೆ ಬಿದ್ದ ದಿನದಿಂದಲ್ಲ. ನೋಂದಣಿಯನ್ನು ಮುಂದಕ್ಕೆ ಹಾಕಿದಷ್ಟೂ ಕಾರ್ಡೂ ಮುಂದಕ್ಕೆ ಹೋಗುತ್ತದೆ. ಪ್ರವಾಸಿ ವೀಸಾದಲ್ಲಿದ್ದುಕೊಂಡು ಭಾರತದೊಳಗಿಂದ ಅರ್ಜಿ ಹಾಕುವಂತಿಲ್ಲ. ಎಕ್ಸ್ ವೀಸಾಕ್ಕೆ ಇಷ್ಟು ಒದ್ದಾಡುವುದು ಅದಕ್ಕೂ ಹೌದು. ಭಾರತದಲ್ಲಿ ಶುಲ್ಕ 15,000 ರೂಪಾಯಿ. ಪಾಕಿಸ್ತಾನ, ಬಾಂಗ್ಲಾದೇಶದ ಪ್ರಜೆಗಳಾಗಿರುವವರಿಗೆ ಅಥವಾ ಆಗಿದ್ದವರಿಗೆ, ಅವರ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳಿಗೆ ಈ ದಾರಿ ಇಲ್ಲ.

ಅಡಿಕೆ ಮನೆತನಗಳು ಗಮನಿಸಬೇಕಾದ ಒಂದು ಮಾತು: ಒಸಿಐ ಸಿಕ್ಕಿದರೂ ಆಕೆ ಕೃಷಿ ಜಮೀನು, ತೋಟ, ತೋಟದ ಮನೆ ಕೊಳ್ಳುವಂತಿಲ್ಲ. ಹೊಸ ತೋಟದ ಕ್ರಯಪತ್ರದಲ್ಲಿ ಗಂಡನ ಜೊತೆ ಆಕೆಯ ಹೆಸರನ್ನೂ ಸೇರಿಸುವ ಯೋಚನೆ ಇದ್ದರೆ ಕೈಬಿಡಿ.