ಪುತ್ತೂರಿಗೆ ಹೊರಟು ಮೂಡಿಗೆರೆಯಲ್ಲಿ ಉಳಿದದ್ದು

ಸೋದರಮಾವನ ಹದಿಮೂರನೆಯ ದಿನದ ಕಾರ್ಯ 2024ರ ಜುಲೈ 31ರಂದು ಪುತ್ತೂರಿನಲ್ಲಿತ್ತು. ಅಮ್ಮನಿಗೆ ಬಸ್ಸಿನ ಕುಲುಕಾಟ ಆಗುವುದಿಲ್ಲವೆಂದು ರಾತ್ರಿ ರೈಲಿಗೆ ಟಿಕೆಟ್ ಮಾಡಿಸಿದ್ದೆ. ಆದರೆ 26ರಂದು ಎಡಕುಮೇರಿ ಮತ್ತು ಕಡಗರವಳ್ಳಿ ನಿಲ್ದಾಣಗಳ ನಡುವೆ ಹಳಿಯ ಬುಡದ ಮಣ್ಣು ಜಾರಿ ಘಾಟಿಯ ರೈಲುಗಳೆಲ್ಲ ನಿಂತುಹೋದವು. ಹಾಗಾಗಿ 30ರ ಬೆಳಿಗ್ಗೆ ಎಂಟು ಗಂಟೆಗೆ ಬೆಂಗಳೂರಿನಿಂದ ಕಾರಿನಲ್ಲಿ ಹೊರಟೆವು. ಕತ್ತಲಾಗುವ ಮೊದಲು ತಲುಪಿಬಿಡಬಹುದೆಂಬ ಲೆಕ್ಕ ನನ್ನದಾಗಿತ್ತು.

ಹಾಸನದವರೆಗಿನ ಪ್ರಯಾಣದ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಅಲ್ಲಿ ಊಟ ಮುಗಿಸಿ ಸಕಲೇಶಪುರಕ್ಕೆ ಬಂದಾಗ ಪೊಲೀಸರು ರಸ್ತೆಗೆ ಅಡ್ಡವಾಗಿ ಬ್ಯಾರಿಕೇಡ್ ಇಟ್ಟು ವಾಹನಗಳನ್ನು ಹಿಂದಿರುಗಿಸುತ್ತಿದ್ದರು. ದೊಡ್ಡತಪ್ಪಲಿನ ಬಳಿ ಗುಡ್ಡ ಮತ್ತೆ ಕುಸಿದಿದೆ, ಶಿರಾಡಿ ಬಂದ್ ಎಂದರು. ಪಕ್ಕದ ಗೂಡಂಗಡಿಯವರಿಗೆ ಇದು ಆಶ್ಚರ್ಯದ ಸುದ್ದಿಯಾಗಿರಲಿಲ್ಲ. ರಸ್ತೆ ಅಗಲ ಮಾಡುವಾಗ ಗುಡ್ಡವನ್ನು ಗೋಡೆಯಂತೆ ನೆಟ್ಟಗೆ ಕಡಿದರೆ ಮಳೆಗಾಲದಲ್ಲಿ ಅದು ನಿಲ್ಲುವುದಾದರೂ ಹೇಗೆ ಎಂದು ಅವರು ಚಹಾ ಸೋಸುತ್ತಲೇ ಕೇಳಿದರು. ನನ್ನ ಫೋನಿನ ನಕ್ಷೆ ಮಾತ್ರ ಆಗಲೂ ಶಿರಾಡಿಯನ್ನೇ ತೋರಿಸುತ್ತ, ಪುತ್ತೂರಿಗೆ ಎರಡೂವರೆ ಗಂಟೆ ಎನ್ನುತ್ತಿತ್ತು.

ಉಳಿದ ದಾರಿಗಳೆಂದರೆ ಬಿಸಿಲೆ ಘಾಟಿಯಲ್ಲಿಳಿದು ಸುಬ್ರಹ್ಮಣ್ಯದ ಕಡೆ ಹೋಗುವುದು, ಮಡಿಕೇರಿ ಸುತ್ತಿ ಸಂಪಾಜೆಯಲ್ಲಿಳಿಯುವುದು, ಇಲ್ಲವೇ ಮೂಡಿಗೆರೆಗೆ ಹೋಗಿ ಚಾರ್ಮಾಡಿ ಹಿಡಿಯುವುದು. ಬಿಸಿಲೆಯಲ್ಲಿ ಮರ ಬಿದ್ದಿದೆಯೆಂದು ಒಬ್ಬರು, ಇಲ್ಲ ತೆಗೆದಿದ್ದಾರೆಂದು ಇನ್ನೊಬ್ಬರು ಹೇಳಿದರು. ಮಡಿಕೇರಿ ತೀರ ದೂರವಾಗುತ್ತಿತ್ತು. ಹಾನುಬಾಳು, ದೇವಾಲದಕೆರೆಯ ಮೇಲೆ ಮೂಡಿಗೆರೆಗೆ ಹೋಗುವ ತೋಟಗಳ ನಡುವಿನ ರಸ್ತೆಗೆ ಕಾರು ತಿರುಗಿಸಿದೆ. ನನಗೆ ಹೊಳೆದ ಈ ಉಪಾಯ ಬೆಂಗಳೂರಿನಿಂದ ಹೊರಟ ಎಲ್ಲರಿಗೂ ಹೊಳೆದಿತ್ತು. ಎರಡು ಜೀಪು ಎದುರುಬದುರಾದರೆ ಒಂದು ಚರಂಡಿಗಿಳಿಯಬೇಕಾದಷ್ಟು ಕಿರಿದಾದ ಆ ರಸ್ತೆಯಲ್ಲಿ ಬಸ್ಸು, ಟೆಂಪೊ, ಹಾಲಿನ ಗಾಡಿ, ಮೀನಿನ ಗಾಡಿ ಎಲ್ಲವೂ ಸಾಲುಗಟ್ಟಿದ್ದವು. ಸಾಲದ್ದಕ್ಕೆ ಒಂದು ಸಿಲ್ವರ್ ಓಕ್ ಮರ ತಂತಿಯನ್ನೂ ಎಳೆದುಕೊಂಡು ಅಡ್ಡ ಬಿದ್ದಿತ್ತು. ತೋಟದ ಆಳುಗಳು ಅದನ್ನು ಕೊಯ್ದು ಸರಿಸುವವರೆಗೆ ಒಂದೂಕಾಲು ಗಂಟೆ ಕಾದೆವು. ಅಮ್ಮ ಮಾತಾಡದೆ ಕುಳಿತಿದ್ದರು. ನಡುವೆ ಒಮ್ಮೆ ಮಾತ್ರ, "ಅಣ್ಣ ಇದ್ದಿದ್ದರೆ ಇಷ್ಟು ಹೊತ್ತಿಗೆ ಹತ್ತು ಸಲ ಫೋನ್ ಮಾಡುತ್ತಿದ್ದ" ಎಂದರು.

ಕೊಟ್ಟಿಗೆಹಾರ ಮುಟ್ಟಿದಾಗ ಸಂಜೆ ಆರೂವರೆ. ರಾತ್ರಿ ಘಾಟಿಯಲ್ಲಿ ಯಾರನ್ನೂ ಬಿಡುವುದಿಲ್ಲ, ಬೆಳಿಗ್ಗೆ ಆರಕ್ಕೆ ಬನ್ನಿ ಎಂದು ಚೆಕ್‌ಪೋಸ್ಟಿನಲ್ಲಿ ಹೇಳಿದರು. ಇದರಲ್ಲಿ ಅವರ ತಪ್ಪಿಲ್ಲ. 2019ರ ಆಗಸ್ಟಿನಲ್ಲಿ ಆ ಘಾಟಿ ಹೇಗೆ ಕುಸಿದಿತ್ತೆಂದು ಬಲ್ಲವರು ಮಳೆಯ ರಾತ್ರಿ ಅಲ್ಲಿ ಇಳಿಯಲು ಬಯಸುವುದೂ ಇಲ್ಲ. ಆದರೆ ಶಿರಾಡಿಯ ಈ ಭಾಗ ಹಾಸನ ಜಿಲ್ಲೆ, ಚಾರ್ಮಾಡಿಯ ತಲೆ ಚಿಕ್ಕಮಗಳೂರು, ಬುಡ ದಕ್ಷಿಣ ಕನ್ನಡ; ಒಬ್ಬರ ಮಾತು ಇನ್ನೊಬ್ಬರಿಗೆ ಮುಟ್ಟಿರಲಿಲ್ಲವೋ ಏನೋ. ಸಕಲೇಶಪುರದಲ್ಲಿ ನಮ್ಮನ್ನು ತಿರುಗಿಸಿದವರು ಚಾರ್ಮಾಡಿಯಲ್ಲಿ ರಾತ್ರಿ ಬಿಡುವುದಿಲ್ಲವೆಂಬುದನ್ನೂ ಹೇಳಿದ್ದರೆ ಹಾಸನದಲ್ಲೇ ರೂಮು ಹಿಡಿಯುತ್ತಿದ್ದೆವು.

ನೀರುದೋಸೆ ತಿನ್ನುತ್ತಲೇ ಫೋನಿನಲ್ಲಿ ಬಣಕಲ್ ಸಮೀಪದ ಒಂದು ಹೋಮ್‌ಸ್ಟೇ ಹುಡುಕಿ 2,800 ರೂಪಾಯಿ ಕಟ್ಟಿದೆ. ಮಳೆಯಲ್ಲಿ ಕೆಸರು ದಾರಿ ಹಿಡಿದು ಹೋದರೆ ಗೇಟಿಗೆ ಬೀಗ. ಟಾರ್ಚ್ ಹಿಡಿದು ಬಂದ ಕಾವಲಿನವನು, ಮಳೆಗಾಲದಲ್ಲಿ ಇದು ನಡೆಯುವುದಿಲ್ಲ, ಕರೆಂಟು ಹೋಗಿ ನಾಲ್ಕು ದಿನವಾಯಿತು, ಮಾಲೀಕರು ಬೆಂಗಳೂರಿನಲ್ಲಿದ್ದಾರೆ ಎಂದು ನಮಗಿಂತ ಹೆಚ್ಚು ಸಂಕೋಚದಿಂದ ಹೇಳಿದ. ಮೂಡಿಗೆರೆಗೆ ಹಿಂದಿರುಗಿದೆವು. ಮೊದಲ ಎರಡು ಲಾಡ್ಜ್ ತುಂಬಿದ್ದವು. ಮೂರನೆಯದರಲ್ಲಿ ರೂಮಿತ್ತು, ಆದರೆ ಅಮ್ಮನ ಆಧಾರ್ ಕಾರ್ಡ್ ಮನೆಯಲ್ಲೇ ಉಳಿದಿತ್ತು. ಎಪ್ಪತ್ತೊಂದು ವರ್ಷದ ಹೆಂಗಸಿನ ಗುರುತಿಗೆ ಮಗನ ಮಾತು ಸಾಲಲಿಲ್ಲ. ನಾಲ್ಕನೆಯವರು ಗೋಡೆಯ ಮೇಲೆ 900 ಎಂದು ಬರೆದಿದ್ದ ರೂಮಿಗೆ 3,500 ಕೇಳಿದರು. ಕೊಡಲು ನಾನು ಸಿದ್ಧನಿದ್ದೆ, ಅಮ್ಮ ಒಪ್ಪಲಿಲ್ಲ.

ಕಾರಿನಲ್ಲೇ ಮಲಗುವುದೆಂದು ಸೀಟು ಹಿಂದಕ್ಕೆ ಬಾಗಿಸುವಾಗ ಬೀದಿಯ ಕೊನೆಯ ಮೆಡಿಕಲ್ ಅಂಗಡಿಯವರು ಬಾಗಿಲು ಹಾಕುತ್ತಿದ್ದರು. ಅಮ್ಮನ ಬಿಪಿ ಮಾತ್ರೆ ಕೇಳಲು ಹೋದ ನನ್ನಿಂದ ವಿಷಯ ತಿಳಿದು, ತಮ್ಮ ಪರಿಚಯದವರ ಕಲ್ಯಾಣ ಮಂಟಪ ಖಾಲಿಯಿದೆ, ಆಷಾಢವಲ್ಲವೇ ಎಂದು ಫೋನ್ ಮಾಡಿದರು. ಮಂಟಪದವರು 'ವಧುವಿನ ಕೋಣೆ' ಎಂದು ಬರೆದ ಬಾಗಿಲು ತೆರೆದು ಎರಡು ಹಾಸಿಗೆ, ಒಂದು ಮೇಣದ ಬತ್ತಿ ಕೊಟ್ಟು, ಗುಡಿಸುವವಳಿಗೆಂದು 300 ರೂಪಾಯಿ ತೆಗೆದುಕೊಂಡರು. ಕನ್ನಡಿಯ ಅಂಚಿನಲ್ಲಿ ಹಿಂದಿನ ಯಾವುದೋ ಮದುವೆಯ ಹುಡುಗಿಯರು ಅಂಟಿಸಿಹೋದ ಬಿಂದಿಗಳು ಸಾಲಾಗಿದ್ದವು. ಅಮ್ಮ ಬತ್ತಿಯ ಬೆಳಕಿನಲ್ಲಿ ಅವನ್ನು ಎಣಿಸಿದರು, ಹದಿನಾಲ್ಕು. ಆ ಹೊತ್ತಿಗೆ ಫೋನಿಗೆ ಸಿಗ್ನಲ್ ಬಂದು, ಅದೇ ದಿನ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳಲ್ಲಿ ಆದದ್ದರ ಚಿತ್ರಗಳು ಒಂದೊಂದಾಗಿ ತೆರೆದುಕೊಂಡವು. ನನ್ನ 2,800 ರೂಪಾಯಿಯ ಸಿಟ್ಟಿನ ದೂರನ್ನು ಅರ್ಧ ಬರೆದಿದ್ದವನು ಫೋನ್ ಆರಿಸಿ ಮಲಗಿದೆ.

ಬೆಳಿಗ್ಗೆ ಆರಕ್ಕೆ ಕೊಟ್ಟಿಗೆಹಾರದ ಸಾಲಿನಲ್ಲಿ ನಾವು ಹನ್ನೊಂದನೆಯವರಾಗಿದ್ದೆವು. ಮಂಜಿನಲ್ಲಿ ಮುಂದಿನ ಕಾರಿನ ಕೆಂಪು ದೀಪವನ್ನಷ್ಟೇ ನಂಬಿ ಘಾಟಿಯಿಳಿದು ಉಜಿರೆ, ಬೆಳ್ತಂಗಡಿ, ಉಪ್ಪಿನಂಗಡಿಗಳ ಮೇಲೆ ಪುತ್ತೂರು ಮುಟ್ಟಿದಾಗ ಹತ್ತು ಗಂಟೆ ಕಳೆದಿತ್ತು. ಭಟ್ಟರು ಆಗಲೇ ಮಂತ್ರ ಶುರು ಮಾಡಿದ್ದರು. ಅತ್ತೆ ಅಂಗಳಕ್ಕಿಳಿದು ಬಂದು ಅಮ್ಮನ ಕೈ ಹಿಡಿದು, ರಾತ್ರಿಯೆಲ್ಲ ಎಲ್ಲಿದ್ದಿರಿ ಎಂದು ಕೇಳಿದರು. ಕುಸಿತದ ವಿಷಯವಾಗಲಿ ಬೀಗದ ವಿಷಯವಾಗಲಿ ಅಮ್ಮ ಎತ್ತಲಿಲ್ಲ. "ಮದುಮಗಳ ಕೋಣೆಯಲ್ಲಿ ಮಲಗಿದ್ದೆ ಅತ್ತಿಗೆ" ಎಂದರು. ಹನ್ನೆರಡು ದಿನಗಳಿಂದ ಅಳುತ್ತಿದ್ದ ಆ ಮನೆಯಲ್ಲಿ ಅತ್ತೆಗೆ ನಗು ಬಂತು.